ಸಭೆಯ ಮಂಚ

ಬೇಡ, ಕುರ್ಚಿ ಎಳೀಬೇಡ. ಈ ಸ್ಟೂಲಿನ ಮೇಲೇ ಕೂರ್ತೀನಿ. ಗಿರಣಿಯಿಂದ ನೇರ ಬಂದದ್ದು, ಮೈಯೆಲ್ಲ ಹಿಟ್ಟು. ನೀನು ಕತ್ತರಿಸಿಟ್ಟ ಬಟ್ಟೆಗೆ ತಾಗಿತು ಅಂದ್ರೆ ಗಿರಾಕಿ ನಿನ್ನ ಜೀವ ತಿಂತಾನೆ. ನೀರೂ ಬೇಡಪ್ಪ. ನೀನು ಕೂತ್ಕೋ ತಮ್ಮಾ. ನೀನು ಹಾಗೆ ನಿಂತಿದ್ದರೆ ನನಗೆ ಮಾತು ಹೊರಡೋದಿಲ್ಲ.

ಹಾಂ... ಗಾಡಿಯಲ್ಲಿರೋದು ಅದೇ. ಸಭೆಯ ಮಂಚ. ನೀನು ಆಗಲೇ ಕಿಟಕಿಯಿಂದ ನೋಡಿದೆ, ನೋಡಿ ಸುಮ್ಮನೆ ಬಂದೆ. ತೊಳೆದು ತಂದಿದ್ದೀನಿ. ಸೋಡಾ ಹಾಕಿದ ಬಿಸಿನೀರಲ್ಲಿ ಎರಡು ಸಲ ಉಜ್ಜಿ, ಬಿಸಿಲಿಗಿಟ್ಟು, ಚಕ್ರಕ್ಕೆ ಎಣ್ಣೆ ಬಿಟ್ಟು. ಕೊಡೋ ಮನೆಯವರು ತೊಳೆದು ಕೊಡಬೇಕು, ತಗೊಳ್ಳೋ ಮನೆಯವರು ಬಂದು ಹೊರಬೇಕು, ಅದು ನಮ್ಮ ಚರ್ಚಿನ ಸಭೆಯ ಪದ್ಧತಿ. ಈ ಸಲ ಎರಡೂ ಕೆಲಸ ನಾನೇ ಮಾಡಿದೆ. ಬಂದು ಹೊತ್ತುಕೊಂಡು ಹೋಗು ಅಂತ ನಿನ್ನನ್ನ ಕರೆಯೋ ಮುಖ ಇರಲಿಲ್ಲ.

ಇವತ್ತು ಯಾಕೆ, ಯಾರಿಗೆ, ಅಂತ ತಾನೇ ನಿನ್ನ ಪ್ರಶ್ನೆ? ನಿಮ್ಮಮ್ಮನನ್ನ ಮಣ್ಣು ಮಾಡಿ ನಾಲ್ಕು ದಿನ ಆಯ್ತು. ಮಲಗೋರು ಹೋದಮೇಲೆ ಮಂಚ ತಂದಿದ್ದಾನಲ್ಲ ಈ ಮುದುಕ, ತಲೆ ಕೆಟ್ಟಿದೆಯಾ, ಅಂತ ಅಂದ್ಕೋತಿದ್ದೀಯ. ಅಂದ್ಕೋ. ನಾನೂ ದಾರಿಯುದ್ದಕ್ಕೂ ಅದನ್ನೇ ಅಂದ್ಕೊಂಡು ಬಂದೆ. ನಮ್ಮನೆಯಿಂದ ಮುಂದಿನ ಸರದಿ ನಿಮ್ಮದಾಗಿತ್ತಲ್ಲ. ಈ ಮನೆಗೆ ಬಂದು, ಇಲ್ಲಿಂದಲೇ ಮುಂದಿನ ಮನೆಗೆ ಹೋಗಲಿ ಅಂತ. ಇಲ್ಲಿಗೆ ಬಾರದೆ ಮುಂದಕ್ಕೆ ಹೋಗಬಾರದು ಅಂತ ಅನ್ನಿಸ್ತು. ಇನ್ನೇನೂ ಹೊಳೀಲಿಲ್ಲ ನನಗೆ.

ನಿನಗೆ ಗೊತ್ತಿರೋ ಕಥೆಯನ್ನೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗಿಂತ ಹೆಚ್ಚಾಗಿ ನನ್ನ ಕಿವಿಗೆ ಅದು ಬೀಳಬೇಕು. ನಮ್ಮೂರ ನರ್ಸಮ್ಮ ತನ್ನ ದವಾಖಾನೆ ಮುಚ್ಚಿದಾಗ ಅಲ್ಲಿ ಉಳಿದಿದ್ದ ಒಳ್ಳೆ ವಸ್ತು ಅಂದ್ರೆ ಈ ಕಬ್ಬಿಣದ ಮಂಚ ಒಂದೇ. ಕಾಲಕಡೆ ಒಂದು ಹಿಡಿ, ಅದನ್ನ ತಿರುಗಿಸಿದರೆ ತಲೆಕಡೆ ಮೇಲೇಳತ್ತೆ. ಎರಡೂ ಪಕ್ಕ ಕಂಬಿ, ಕೆಳಗೆ ನಾಲ್ಕು ಚಕ್ರ. ಸಭೆಗೆ ಕೊಟ್ಟುಬಿಟ್ಟಳು ಪುಣ್ಯಾತ್ಗಿತ್ತಿ. ಕೊಡುವಾಗ ಒಂದೇ ಷರತ್ತು ಹಾಕಿದಳು. ಕಾಯಿಲೆಯವರ ಮನೆಗೆ ಹೋಗಿ ಯಾರೂ ‘ನಿಮ್ಮದು ಆಯ್ತಾ, ಮಂಚ ಕೊಡ್ತೀರಾ’ ಅಂತ ಕೇಳಬಾರದು. ಸಂಕಟದಲ್ಲಿರೋರನ್ನ ಹಾಗೆ ಕೇಳೋದು ಪಾಪ. ಅಗತ್ಯ ತೀರಿದವರೇ ಬಾಯಿಬಿಟ್ಟು ಹೇಳಬೇಕು, ಅಂತ.

ಅದಕ್ಕೇ ಭಾನುವಾರ ಪಾದ್ರಿಗಳು ಪ್ರಕಟಣೆ ಎಲ್ಲ ಓದಿ ಮುಗಿಸಿ, ಕನ್ನಡಕ ತೆಗೆದು ಕೈಯಲ್ಲಿ ಹಿಡ್ಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಲ್ತಾರಲ್ಲ. ಹೊಸಬರು ಬಂದರೆ, ಏನೋ ಮರೆತಿದ್ದಾರೆ ಅಂದ್ಕೋತಾರೆ. ಅಷ್ಟು ಹೊತ್ತು ಆ ಮಂಚದ್ದು. ಇಟ್ಟುಕೊಂಡಿರೋ ಮನೆಯವರು ಎದ್ದು ನಿಂತು ‘ನಮ್ಮ ಅಗತ್ಯ ತೀರಿತು’ ಅನ್ನಬೇಕು. ಮೂರು ಪದ. ಎದ್ದರೆ ಮಂಚ ಮುಂದಕ್ಕೆ, ಏಳದಿದ್ದರೆ ಇನ್ನೊಂದು ವಾರ ಅಲ್ಲೇ. ಗಡಿಯಾರ ರಿಪೇರಿಯವನ ತಂದೆ ತೀರಿಕೊಂಡ ಮೂರನೇ ದಿನವೇ ಭಾನುವಾರ ಬಿತ್ತು. ಆ ಮನುಷ್ಯ ಎದ್ದ. ಪಕ್ಕದವರು ತೋಳು ಹಿಡ್ಕೊಂಡಿದ್ದರು, ಆದರೂ ಹೇಳಿದ. ಅವನ ಮನೆಯಿಂದ ನಮ್ಮನೆಗೆ ಬಂತು.

ನಮ್ಮನೆಯವಳು ಗಿರಣಿಯ ಮೆಟ್ಟಿಲಿಂದ ಬಿದ್ದ ವಾರ ಅದು. ಸೊಂಟದ ಮೂಳೆ. ನಾನು ಮೂಟೆ ಹೊರೋ ಮನುಷ್ಯ, ಎಂಥ ಭಾರ ಬೇಕಾದ್ರೂ ಎತ್ತಬಲ್ಲೆ. ಆದರೆ ನೋವಿರೋ ಮೈಯನ್ನ ಹೇಗೆ ಎತ್ತೋದು ಅಂತ ಈ ಕೈಗೆ ಗೊತ್ತಿರಲಿಲ್ಲ. ಅದನ್ನ ಕಲಿಸಿದವರು ನಿಮ್ಮಮ್ಮ.

ಪೊರಕೆಯಮ್ಮ. ಇಡೀ ಸಭೆ ಹಾಗೇ ಕರೀತಿತ್ತು, ಅವರೂ ಓಗೊಡ್ತಿದ್ದರು. ಆರಾಧನೆ ಮುಗಿದ ಮೇಲೂ ಬಾಗಿಲಲ್ಲಿ ನಿಂತು ಮಾತಾಡ್ತಿದ್ದರೆ ನಮ್ಮ ಕಾಲ ಬೆರಳ ಮೇಲೇ ಗುಡಿಸೋರು. ಒಂದು ಸಲ ಪಾದ್ರಿಗಳ ಕಾಲನ್ನೂ ಬಿಡಲಿಲ್ಲ, ‘ದೇವರ ಕೆಲಸ ಆಯ್ತಲ್ಲ ಅಯ್ಯನೋರೆ, ಹರಟೆಗೆ ಬೇರೆ ಮನೆ ನೋಡ್ಕೊಳ್ಳಿ’ ಅಂತ... ಹಾಂ, ನೀನು ನಕ್ಕೆ. ನಗು. ನಿನ್ನ ಮುಖದಲ್ಲಿ ಅಷ್ಟಾದರೂ ಕಂಡಿತಲ್ಲ, ನನಗೂ ಉಸಿರಾಡೋಕೆ ಆಗ್ತಿದೆ.

ದಿನಾ ಬೆಳಿಗ್ಗೆ ದೇವಾಲಯ ಗುಡಿಸಿ ನೇರ ನಮ್ಮನೆಗೆ ಬರೋರು. ‘ಗಿರಣಿಯಪ್ಪಾ, ಹಿಟ್ಟಿನ ಮೂಟೆ ಎಸೆದ ಹಾಗೆ ಹೆಂಡ್ತೀನ ಹೊರಳಿಸಬೇಡ, ಮೊದಲು ಮಂಡಿ ಮಡಿಸು, ಆಮೇಲೆ ಹೆಗಲು ಹಿಡಿ’ ಅಂತ ಗದರಿಸಿ ತೋರಿಸಿಕೊಟ್ಟರು. ತಲೆ ತೊಳೆದರು, ಬೆನ್ನಿಗೆ ಪುಡಿ ಹಾಕಿದರು, ಹಾಸಿಗೆ ಮೇಲೇ ಎಲ್ಲ ಮಾಡಿಸಿದರು. ನಾಲ್ಕು ತಿಂಗಳು, ಒಂದು ದಿನ ತಪ್ಪಲಿಲ್ಲ. ಹೋಗುವಾಗ ನಾನು ಒಂದು ಚೀಲ ಹಿಟ್ಟು ಕೊಡ್ತಿದ್ದೆ. ಅದನ್ನ ಅವರು ಮನೆಗೆ ತಂದರಾ? ... ನೋಡು, ನೀನೇ ತಲೆ ಅಲ್ಲಾಡಿಸ್ತಿದ್ದೀಯ. ನನಗೆ ಆಮೇಲೆ ತಿಳೀತು, ದಾರಿಯಲ್ಲೇ ಆ ಮೂರು ಮಕ್ಕಳ ಹೆಂಗಸಿನ ಮನೇಲಿ ಕೊಟ್ಟುಬಿಡ್ತಿದ್ದರು. ನಿಮ್ಮ ಮನೆ ಡಬ್ಬದಲ್ಲಿ ಎಷ್ಟಿತ್ತೋ, ಕರ್ತನಿಗೇ ಗೊತ್ತು.

ನಾನೂ ಕೊಡೋನೇ. ಇಲ್ಲ ಅನ್ನಬೇಡ. ಪ್ರತಿ ಶನಿವಾರ ಗಿರಣಿ ಬಾಗಿಲಿಗೆ ಬಂದವರನ್ನ ಬರಿಗೈಲಿ ಕಳಿಸಿಲ್ಲ. ಮೊದಲು ನಮ್ಮನೆ ಡಬ್ಬ ತುಂಬಿಸ್ತೀನಿ, ಮುಚ್ಚಳ ಹಾಕ್ತೀನಿ, ಆಮೇಲೆ ಮಿಕ್ಕಿದ್ದನ್ನ ಕೈತುಂಬ ಕೊಡ್ತೀನಿ. ಸಭೆಯಲ್ಲಿ ನಿಂತು ಅದನ್ನೇ ಹೇಳಿಕೊಟ್ಟಿದ್ದೀನಿ, ನಮಗೆ ಸಾಕಾಗಿ ಮಿಕ್ಕಿದ್ದು ನಮ್ಮದಲ್ಲ, ಕರ್ತನು ಬೇರೆಯವರಿಗಾಗಿ ನಮ್ಮ ಹತ್ತಿರ ಇಟ್ಟಿರೋದು, ಅಂತ. ಎಲ್ಲರೂ ಆಮೆನ್ ಅಂದರು. ನೀನೂ ಅಂದಿರ್ತೀಯ. ಹಿಟ್ಟು ಕೊಡೋದು ಏನು ಮಹಾ, ತಮ್ಮಾ. ಇವತ್ತು ಕೊಟ್ಟರೆ ನಾಳೆ ಕಲ್ಲು ತಿರುಗಿದಾಗ ಮತ್ತೆ ಉದುರತ್ತೆ. ಮಂಚ ಇರೋದು ಒಂದೇ.

ನೀನು ಬಂದ ದಿನ... ಬುಧವಾರ, ಮಧ್ಯಾಹ್ನ. ಅಮ್ಮನಿಗೆ ಒಂದು ಪಕ್ಕ ಬಿದ್ದುಹೋಗಿದೆ, ಡಾಕ್ಟರು ತಲೆ ಎತ್ತರದಲ್ಲಿರಬೇಕು ಅಂದಿದ್ದಾರೆ, ಇಲ್ಲದಿದ್ದರೆ ಎದೆಯಲ್ಲಿ ಕಫ ನಿಲ್ಲತ್ತೆ ಅಂತೆ, ಅಂದೆ ನೀನು. ಮಂಚ ಕೊಡಿ ಅಂತ ನೀನು ಕೇಳಲಿಲ್ಲ. ಕೇಳಬಾರದು ಅಂತ ಪದ್ಧತಿ ಅಲ್ವಾ. ‘ಅಕ್ಕ ಹೇಗಿದ್ದಾರೆ ನೋಡ್ಕೊಂಡು ಹೋಗೋಣ ಅಂತ ಬಂದೆ’ ಅಂದೆ. ನಾನು ಒಳಗೆ ಹೋಗಿ, ಬಂದು, ಬಾ ನೋಡು ಅಂದೆ. ನೀನು ಬಾಗಿಲಲ್ಲೇ ನಿಂತು ನೋಡಿದೆ. ಅವಳು ಮಂಚದ ಮೇಲಿದ್ದಳು. ಕತ್ತಿನವರೆಗೂ ಹೊದಿಕೆ, ಮುಖ ಗೋಡೆಕಡೆ. ‘ಮಲಗಿರಲಿ ಬಿಡಿ, ಎಬ್ಬಿಸಬೇಡಿ’ ಅಂದೆ ನೀನು. ಚಪ್ಪಲಿ ಸದ್ದಾಗದ ಹಾಗೆ ಮೆಲ್ಲಗೆ ಹೋದೆ.

ಅವಳಿಗೆ ಬೇಕಾಗಿತ್ತು ತಮ್ಮಾ. ನೀನೇ ಕಣ್ಣಾರೆ ನೋಡಿದೆಯಲ್ಲ.

ಯಾಕೆ ಹಾಗೆ ನೋಡ್ತೀಯ?

ಡಾಕ್ಟರು ಮೂರು ತಿಂಗಳು ಸಾಕು ಅಂದಿದ್ದರು, ಸರಿ. ಏಳು ತಿಂಗಳಾಗಿತ್ತು, ಅದೂ ಸರಿ. ಈ ವಯಸ್ಸಿನ ಮೂಳೆ ಬೇಗ ಕೂಡ್ಕೊಳ್ಳತ್ತಾ? ಮತ್ತೆ ಬಿದ್ದರೆ? ಆ ಭಯ ನಿನಗೆ ಗೊತ್ತಿಲ್ಲ. ಅವಳು ಲೋಟ ಕೆಳಗಿಟ್ಟ ಸದ್ದಾದರೂ ನಾನು ಗಿರಣಿಯಿಂದ ಓಡಿ ಬರ್ತಿದ್ದೆ. ಮಂಚ ಮನೇಲಿದ್ದರೆ ಒಂದು ಧೈರ್ಯ. ಹೊರಗೆ ಹೋಯ್ತು ಅಂದ್ರೆ ಅವತ್ತೇ ಬೀಳ್ತಾಳೆ ಅಂತ ಏನೋ ಒಂದು... ಹುಚ್ಚು ಅನ್ನು.

ನೀನು ಏನಾದರೂ ಅನ್ನು. ಸುಮ್ಮನೆ ಕೂತರೆ ನಾನು ಮುಂದಕ್ಕೆ ಹೋಗ್ತಾನೇ ಇರ್ತೀನಿ.

ಸರಿ. ಓಡಾಡ್ತಿದ್ದಳು. ಸ್ವಲ್ಪ. ಕಿಟಕಿವರೆಗೆ, ಅಡುಗೆಮನೆವರೆಗೆ... ಸ್ವಲ್ಪ ಅಲ್ಲ. ಹಿತ್ತಿಲ ಬಾವಿಯಿಂದ ನೀರು ಸೇದಿ ತರ್ತಿದ್ದಳು. ಒಲೆ ಮುಂದೆ ನಿಂತು ಅಡುಗೆ ಮಾಡ್ತಿದ್ದಳು. ಮಲಗೋದಕ್ಕೆ ಒಳಗಿನ ಕೋಣೆಗೆ, ನಮ್ಮ ಹಳೇ ಹಾಸಿಗೆಗೆ ಹೋಗಿ ಎರಡು ತಿಂಗಳಾಗಿತ್ತು. ‘ಮಂಚ ಮುಂದಕ್ಕೆ ಕಳಿಸೋಣ ಕಣ್ರೀ, ಈ ಭಾನುವಾರ ಎದ್ದು ನಿಂತ್ಕೊಳ್ಳಿ’ ಅಂತ ಅವಳೇ ಹೇಳಿದಳು. ಒಂದು ಸಲ ಅಲ್ಲ. ಪಾದ್ರಿಗಳು ಕನ್ನಡಕ ತೆಗೀತಿದ್ದರು, ನಾನು ಮುಂದಿನ ಬೆಂಚಲ್ಲಿ, ಹಿರಿಯರ ಜಾಗದಲ್ಲಿ ಕೂತು ನನ್ನ ಮೊಣಕಾಲು ನೋಡ್ತಿದ್ದೆ. ಹನ್ನೊಂದು ಭಾನುವಾರ ನೋಡಿದೆ. ಕೊನೇ ಮೂರು ಭಾನುವಾರ ನಿಮ್ಮಮ್ಮ ಇಲ್ಲಿ ನೆಲದ ಮೇಲಿದ್ದರು.

ಯಾರಿಗೆ ಬೇಕಾಗಿತ್ತು ಹಾಗಾದರೆ, ಅಂತ ತಾನೇ?

ನನ್ನ ಬೆನ್ನು ತಮ್ಮಾ. ನಲವತ್ತು ವರ್ಷ ಮೂಟೆ ಹೊತ್ತ ಬೆನ್ನು. ಒಂದು ದಿನ ಮಧ್ಯಾಹ್ನ ಸುಮ್ಮನೆ ಒರಗಿ ನೋಡಿದೆ. ಹಿಡಿ ತಿರುಗಿಸಿ ತಲೆಕಡೆ ಸ್ವಲ್ಪ ಎತ್ತರಿಸಿಕೊಂಡೆ. ಅಷ್ಟೇ. ಯಾವತ್ತೂ ಯಾರೂ ಹಾಗೆ ನನ್ನ ಬೆನ್ನನ್ನ ಹಿಡಿದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ನಗಬೇಡ. ಆಮೇಲೆ ದಿನಾ ಊಟ ಆದಮೇಲೆ ಅರ್ಧ ಗಂಟೆ. ಅರ್ಧ ಗಂಟೆಗೋಸ್ಕರ ಇಡೀ ವಾರ ಇಟ್ಕೊಂಡೆ. ಇನ್ನೊಂದು ವಾರ, ಇನ್ನೊಂದೇ ವಾರ ಅಂತ. ಆಗ ಯಾರೂ ಕಾಯ್ತಾ ಇರಲಿಲ್ಲವಲ್ಲ, ಯಾರ ಬಾಯಿಂದ ಕಿತ್ತುಕೊಂಡ ಹಾಗಾಯ್ತು, ಅಂದ್ಕೊಂಡೆ. ಆಮೇಲೆ ನೀನು ಬಂದೆ.

ನೀನು ಬಾಗಿಲು ತಟ್ಟಿದಾಗ ಮಂಚದ ಮೇಲಿದ್ದದ್ದು ನಾನು. ಎದ್ದು ಬಂದು ನಿನ್ನ ಮಾತು ಕೇಳಿ, ಒಳಗೆ ಹೋಗಿ ಅವಳಿಗೆ ಹೇಳಿದೆ, ‘ಮಲ್ಕೋ’ ಅಂತ. ಪಾತ್ರೆ ತೊಳೀತಿದ್ದಳು. ಅವಳು ನನ್ನ ಮುಖ ನೋಡಿದಳು. ಮೂವತ್ತೈದು ವರ್ಷದಲ್ಲಿ ನನ್ನ ಮಾತಿಗೆ ಅವಳು ಎದುರಾಡಿದ್ದಿಲ್ಲ, ಅವತ್ತಾದರೂ ಎದುರಾಡಬೇಕಿತ್ತು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಮಲಗಿದಳು. ಹೊದಿಕೆ ಎಳೆದವನು ನಾನು. ಗೋಡೆಕಡೆ ತಿರುಗಿದ್ದು ನಿದ್ದೆಗಲ್ಲ. ನೀನು ಹೋದಮೇಲೂ ತಿರುಗಲಿಲ್ಲ. ಇವತ್ತಿನವರೆಗೂ ನನ್ನ ಜೊತೆ ಬೇಕಾದಷ್ಟಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಿಲ್ಲ ಅವಳು.

ಮರುದಿನವೇ ತಂದುಕೊಡಬಹುದಿತ್ತು. ಹೌದು. ಆದರೆ ತಂದರೆ ಏನಂತ ಹೇಳೋದು? ನಿನ್ನೆ ಏಳೋಕಾಗದೆ ಮಲಗಿದ್ದವಳು ಇವತ್ತು ಹೇಗೆ ಎದ್ದಳು? ಸಭೆಯ ಹಿರಿಯ ಸುಳ್ಳುಗಾರ ಅಂತ ಆಗತ್ತಲ್ಲ. ಒಂದು ವಾರ ತಡೆದು, ಈಗಷ್ಟೇ ಎದ್ದಳು ಅಂತ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಏನೂ ಆಗಲ್ಲ ಅಂದ್ಕೊಂಡೆ. ಆ ವಾರ ಕಳೆದಮೇಲೆ ಇನ್ನೊಂದು ವಾರ. ಹೊದಿಕೆ ಕಳಿಸಿದೆ. ನಮ್ಮನೇಲಿದ್ದ ಒಳ್ಳೇ ದಿಂಬು ಕಳಿಸಿದೆ. ಹಿಟ್ಟು ಕಳಿಸಿದೆ, ಎರಡು ಪಟ್ಟು. ಒಂದನ್ನ ಬಚ್ಚಿಟ್ಟವನು ಬೇರೆಲ್ಲ ಎಷ್ಟು ಧಾರಾಳವಾಗಿ ಕೊಡ್ತಾನೆ ನೋಡು.

ಪ್ರಾರ್ಥನೆ ಮಾಡೋಕೆ ಅಂತ ಒಂದು ಸಲ ಬಂದೆನಲ್ಲ. ಇಲ್ಲೇ, ಈ ಗೋಡೆ ಹತ್ತಿರ ನಿಮ್ಮಮ್ಮನ ಚಾಪೆ. ನೀನು ಗಿರಾಕಿಗಳ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಅವರ ಬೆನ್ನಿಗೆ ಆನಿಸಿದ್ದೆ, ತಲೆ ಎತ್ತರ ಇರಲಿ ಅಂತ. ಗಂಟು ಜಾರ್ತಾನೇ ಇತ್ತು. ನೀನು ಎತ್ತಿ ಕೂರಿಸ್ತಾನೇ ಇದ್ದೆ. ನಾನು ನೆಲದಲ್ಲಿ ಕೂತೆ. ಅವರು ನನ್ನನ್ನೇ ನೋಡಿದರು. ನೋಡಿ, ಆಡ್ತಿದ್ದ ಒಂದು ಕೈಯಿಂದ ಸೀರೆ ಸರಿಸ್ಕೊಂಡು, ಚಾಪೆ ಮೇಲೆ ನನಗೆ ಜಾಗ ಮಾಡಿಕೊಟ್ಟರು. ನೆಲ ತಣ್ಣಗಿದೆ ಅಂತ. ನನಗೆ. ಆಮೇಲೆ ನಾನು ಕಣ್ಣು ಮುಚ್ಚಿ ಏನು ಪ್ರಾರ್ಥನೆ ಮಾಡಿದೆನೋ, ಕರ್ತನು ಅದನ್ನ ಕೇಳಿಸಿಕೊಂಡಿರಲಿಕ್ಕಿಲ್ಲ.

ಮಣ್ಣು ಮಾಡಿದ ದಿನ ಎಲ್ಲರೂ ಸಾಲಾಗಿ ಬಂದು ನಿನ್ನ ಕೈ ಹಿಡಿದರು. ನನ್ನ ಸರದಿ ಬಂದಾಗ ನೀನು ಕೈ ಹಿಂದಕ್ಕೆ ಎಳ್ಕೊಂಡೆ. ನಿನಗೆ ಗೊತ್ತಾಗಿದೆ ಅಂತ ಅವತ್ತೇ ತಿಳ್ಕೊಂಡೆ. ನಾಲ್ಕು ದಿನ ಅನ್ನ ಇಳಿದಿಲ್ಲ. ನಿನ್ನ ಬಾಯಿಂದ ವಿಷಯ ಸಭೆಗೆ ಹೋಗೋ ಮೊದಲು ನಾನೇ ಬಂದು...

ಏನದು? ಅಂಗಿ ತೋಳು ಯಾಕೆ ಮೇಲೆ ಸರಿಸ್ತಿದ್ದೀಯ? ಅಯ್ಯೋ. ಮಣಿಕಟ್ಟು ಹೀಗೆ ಊದಿಕೊಂಡಿದೆಯಲ್ಲೋ. ನೀಲಿಗಟ್ಟಿದೆ. ಅವರನ್ನ ಎತ್ತಿ ಎತ್ತಿ... ಎಲ್ಲರೂ ಹಿಡಿದು ಹಿಡಿದು, ನನ್ನ ಸರದಿ ಬರೋ ಹೊತ್ತಿಗೆ ನೋವು ತಡೀಲಿಲ್ಲವಾ? ಅದಕ್ಕೇನಾ ಅವತ್ತು...

ಅದಕ್ಕೇನಾ?

ಅಂದ್ರೆ ನನ್ನ ಮೇಲಿನ ಸಿಟ್ಟಿಗಲ್ಲ.

ತಡಿ. ನನ್ನ ಮುಖ ನೋಡು. ನಿಮ್ಮಮ್ಮ ನಿನಗೆ ಹೇಳಿದ್ದರು ತಾನೇ? ನಮ್ಮನೆಯವಳ ಕೈಹಿಡಿದು ಮೊದಲ ಹೆಜ್ಜೆ ಇಡಿಸಿದ್ದೇ ಅವರು. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ. ಅವಳು ಒಬ್ಬಳೇ ನಡೆದ ದಿನ ಕುಣಿದುಬಿಟ್ಟರು ಆ ವಯಸ್ಸಲ್ಲಿ. ಆಗ ನಾನೇ ಹೇಳಿದ್ದು, ಈಗಲೇ ಹೊರಗೆ ಯಾರಿಗೂ ಹೇಳಬೇಡಿ ಪೊರಕೆಯಮ್ಮಾ, ಇನ್ನೂ ಸ್ವಲ್ಪ ಗಟ್ಟಿಯಾಗಲಿ, ಅಂತ. ಆಯ್ತಪ್ಪ ಅಂದಿದ್ದರು. ಆದರೆ ಆಮೇಲೆ, ನೀನು ನಮ್ಮನೆಗೆ ಬಂದು ವಾಪಸು ಹೋಗಿ, ಅಕ್ಕ ಇನ್ನೂ ಎದ್ದಿಲ್ಲ ಕಣಮ್ಮ ಅಂತ ಹೇಳಿರ್ತೀಯಲ್ಲ. ಆಗ ಅವರಿಗೆ ಗೊತ್ತಾಗಿರತ್ತೆ. ಮಾತು ತೊದಲ್ತಿತ್ತು, ಆದರೆ ತಿಳೀತಿತ್ತು. ಹೇಳಬಹುದಿತ್ತು. ಒಂದು ಮಾತು, ಅವಳು ನಡೀತಾಳೆ, ಅಂತ. ಅಷ್ಟು ಸಾಕಿತ್ತು, ನೀನು ಬಂದು ನನ್ನ ಕತ್ತಿನಪಟ್ಟಿ ಹಿಡಿದು ಮಂಚ ಎಳ್ಕೊಂಡು ಹೋಗ್ತಿದ್ದೆ. ಅವರು ಬದುಕ್ತಿದ್ದರೋ ಏನೋ. ಹೇಳಿದ್ದರು ತಾನೇ?

ಮಲಗಿದ್ದ ಆ ಹತ್ತೊಂಬತ್ತು ದಿನದಲ್ಲಿ ಒಂದು ಸಲವಾದರೂ?

ಇಲ್ಲ ಅಂತ ತಲೆ ಅಲ್ಲಾಡಿಸ್ತೀಯಾ? ಕಣ್ಣು ಯಾಕೆ ಹಾಗೆ...

ಹೇಳಿಲ್ಲ.

ಎಲ್ಲ ಗೊತ್ತಿದ್ದೂ ಆ ಚಾಪೆ ಮೇಲೆ ಮಲಗಿದ್ದರು. ಎದೆ ಕಟ್ಟಿ ಉಸಿರು ಸಿಗದೆ ಇದ್ದಾಗಲೂ ನನ್ನ ಮಾನ ಉಳಿಸಿದರು. ಹೆತ್ತ ಮಗನಿಗೂ ಹೇಳಲಿಲ್ಲ. ನಿನಗೆ ಏನೂ ಗೊತ್ತಿರಲಿಲ್ಲ. ಪಾಪ ಗಿರಣಿಯಣ್ಣ, ಅವರ ಮನೇಲೂ ಕಷ್ಟ, ಅಂತಲೇ ಇಷ್ಟು ಹೊತ್ತೂ ಕೂತಿದ್ದೆಯಾ ನೀನು? ಬಂದಾಗ ಕುರ್ಚಿ ಎಳೆದೆಯಲ್ಲ ನನಗೆ, ಅದು...

ಬೈಯಿ ತಮ್ಮಾ. ಎದ್ದು ಕೆನ್ನೆಗೆ ಬಾರಿಸು, ಈ ಬೀದಿಗೆಲ್ಲ ಕೇಳೋ ಹಾಗೆ ಕೂಗಿ ಹೇಳು. ನಿಮ್ಮಮ್ಮನ ಹಾಗೆ ಸುಮ್ಮನೆ ಮಾತ್ರ ಇರಬೇಡ ಕಣಪ್ಪ. ಅದನ್ನ ಹೊರೋಕೆ ನನ್ನ ಕೈಲಾಗೋದಿಲ್ಲ.